ರಸ್ತೆ ಒರಿಜಿನಲ್ ಇದೆಯಾ ಸ್ವಾಮಿ?

ಹೋದ ಜುಲೈ ತಿಂಗಳ ಒಂದು ಭಾನುವಾರ. ಕೊಳ್ಳೇಗಾಲ ಬಸ್‌ಸ್ಟ್ಯಾಂಡ್ ಹತ್ರದ ಟೀ ಅಂಗಡಿ ಮುಂದೆ ನಮ್ಮ ಯೆಜ್ಡಿ ರೋಡ್‌ಕಿಂಗ್ ನಿಲ್ಲಿಸಿ ಟೀ ಕುಡೀತಿದ್ದೆ. ಬೆಂಗಳೂರು ಕಡೆಯಿಂದ ಐದಾರು ಜಾವಾ, ಯೆಜ್ಡಿಗಳು ಸಾಲಾಗಿ ಬಂದು ನಿಂತವು. ಎಲ್ಲವೂ ಮದುಮಕ್ಕಳ ಹಾಗೆ ಮಿರಮಿರ ಮಿಂಚ್ತಾ ಇದ್ದವು. ಬೆಟ್ಟಕ್ಕೆ ಹೊರಟವರಂತೆ. ಅವರಲ್ಲಿ ಒಬ್ಬರು ಹೆಲ್ಮೆಟ್ ತೆಗೆದು ಸೀದಾ ನನ್ನ ಗಾಡಿ ಹತ್ರ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹೆಡ್‌ಲೈಟ್ ನೋಡಿದರು, ಇಂಡಿಕೇಟರ್ ನೋಡಿದರು, ಬಗ್ಗಿ ಎಂಜಿನ್ ಪಕ್ಕ ನೋಡಿದರು. ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು, "ಯಾಕ್ ಸಾರ್ ಹಿಂಗೆ ಮಾಡಿಬಿಟ್ರಿ? ಒರಿಜಿನಲ್ ಉಳಿಸಿದ್ರೆ ಇದರ ಬೆಲೆನೇ ಬೇರೆ ಇತ್ತು. ಹಾಳ್ ಮಾಡಿಬಿಟ್ರಲ್ಲ" ಅಂದರು.

ನಾನು ಮಾಡಿದ ಪಾಪದ ಪಟ್ಟಿ ಕೇಳಿ. ಆರು ವೋಲ್ಟಿನ ವೈರಿಂಗ್ ತೆಗೆಸಿ ಹನ್ನೆರಡು ವೋಲ್ಟ್ ಮಾಡಿಸಿದ್ದೀನಿ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದೀನಿ. ಹ್ಯಾಲೊಜೆನ್ ಬಲ್ಬು, ಕೆಲಸ ಮಾಡೋ ಇಂಡಿಕೇಟರು, ಎರಡೂ ಕಡೆ ಕನ್ನಡಿ, ಹೊಸ ಪೆಟ್ರೋಲ್ ಪೈಪು. ಅಷ್ಟೇ. ಅವರಿಗೆ ನಾನು ಅಲ್ಲಿ ಉತ್ತರ ಕೊಡಲಿಲ್ಲ. ಟೀ ಆರ್ತಾ ಇತ್ತು. ಈಗ ಕೊಡ್ತೀನಿ. ಅವರಿಗೆ ಮಾತ್ರ ಅಲ್ಲ, ಅವರಿಗೆ ಪೂರಾ ಉಲ್ಟಾ ಇರೋ ಇನ್ನೊಂದು ಗುಂಪಿಗೂ ಸೇರಿಸಿ.

ಮೊದಲು ಗಾಡಿ ಕಥೆ. ಇದು ನಮ್ಮ ಚಿಕ್ಕಪ್ಪ 1988ರಲ್ಲಿ ತಗೊಂಡದ್ದು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯ ಮಾಲು. ಇವತ್ತು ಇದನ್ನ 'ಕ್ಲಾಸಿಕ್' ಅಂತಾರೆ. ಆಗ ನಮ್ಮ ಮನೇಲಿ ಇದಕ್ಕೆ 'ಗಾಡಿ' ಅಂತ ಮಾತ್ರ ಹೆಸರು. ಹನೂರು ಕಡೆಯಿಂದ ರೇಷ್ಮೆಗೂಡಿನ ಚೀಲ ಹಿಂದೆ ಕಟ್ಟಿಕೊಂಡು ಕೊಳ್ಳೇಗಾಲಕ್ಕೆ ಬರೋದು, ವಾಪಸ್ ಹೋಗ್ತಾ ಹಿಂಡಿ ಮೂಟೆ, ಗೊಬ್ಬರ, ಒಂದೊಂದ್ಸಲ ಹೆರಿಗೆಗೆ ಹೊರಟ ಹೆಂಗಸನ್ನೂ ಕೂರಿಸಿಕೊಂಡು ಹೋಗೋದು. ಯಳಂದೂರಿನ ನೆಂಟರ ಮದುವೆಗೆ ನಾವು ನಾಲ್ಕು ಜನ ಇದರ ಮೇಲೆ ಹೋಗಿದ್ದೀವಿ. ಆ ಕಾಲದಲ್ಲಿ ಶೋಳವರಂ ರೇಸಿನಲ್ಲಿ ಯೆಜ್ಡಿ ಓಡ್ತಿತ್ತು ಅಂತ ಓದಿದವರು ಇದನ್ನ ಸ್ಪೋರ್ಟ್ಸ್ ಬೈಕ್ ಅಂದುಕೊಂಡಿದ್ದರು. ನಮ್ಮೂರಲ್ಲಿ ಅದು ಎರಡು ಸೈಲೆನ್ಸರ್ ಇರೋ ಎತ್ತು.

ಎತ್ತಿಗೆ ಲಾಳ ಸವೆದರೆ ಹೊಸದು ಹೊಡೆಸ್ತೀವಿ. 'ಹುಟ್ಟಿದಾಗ ಇದ್ದ ಕಾಲಲ್ಲೇ ನಡೀಲಿ' ಅನ್ನಲ್ಲ.

ಈಗ ಲೈಟು ಯಾಕೆ ಬದಲಾಯ್ತು ಅನ್ನೋದು. ಕೆಲವು ವರ್ಷದ ಹಿಂದೆ, ಶಿವರಾತ್ರಿ ಸಮಯ. ಮಾದಪ್ಪನ ದರ್ಶನ ಮುಗಿಸಿ ರಾತ್ರಿ ಬೆಟ್ಟ ಇಳೀತಿದ್ದೆ. ಟೂ-ಸ್ಟ್ರೋಕ್ ಗಾಡೀಲಿ ಘಾಟಿ ಇಳಿದವರಿಗೆ ಗೊತ್ತು, ಹತ್ತೋದಲ್ಲ, ಇಳಿಯೋದೇ ಕಷ್ಟ. ಎಕ್ಸಲೇಟರ್ ಬಿಟ್ಟರೆ ಎಂಜಿನ್ ಗಾಡೀನ ಹಿಡಿಯೋದು ಅಷ್ಟಕ್ಕಷ್ಟೇ, ಎಲ್ಲಾ ಭಾರ ಬ್ರೇಕಿನ ಮೇಲೆ. ಎಂಜಿನ್ನಿಗೆ ಆಯಿಲ್ ಹೋಗೋದೂ ಪೆಟ್ರೋಲ್ ಜೊತೆ ಕಲಸಿಕೊಂಡೇ. ಎಕ್ಸಲೇಟರ್ ಮುಚ್ಚಿಕೊಂಡು ತುಂಬ ಹೊತ್ತು ಇಳಿದರೆ ಆಯಿಲ್ಲೂ ಇಲ್ಲ. ಅದಕ್ಕೇ ನಡುನಡುವೆ ಒಂದೊಂದು ಸಲ 'ಬುರ್' ಅನ್ನಿಸಬೇಕು. ಇದರ ಮೇಲೆ ಆರು ವೋಲ್ಟಿನ ಲೈಟು. ಬ್ಯಾಟರಿ ಸ್ವಲ್ಪ ಹಳೇದಾಗಿದ್ದರೆ ಎಂಜಿನ್ ಜೋರಾಗಿ ತಿರುಗ್ತಿದ್ದಾಗ ಮಾತ್ರ ಬೆಳಕು, ನಿಧಾನ ಆದ ಕೂಡಲೇ ಬುಡ್ಡಿ ದೀಪ. ಅಂದರೆ ತಿರುವಲ್ಲಿ ನಿಧಾನ ಮಾಡ್ತೀವಲ್ಲ, ಸರಿಯಾಗಿ ಆಗಲೇ ಕಣ್ಣು ಕಟ್ಟತ್ತೆ.

ತಾಳಬೆಟ್ಟ ಇನ್ನೂ ಸ್ವಲ್ಪ ಕೆಳಗಿತ್ತು. ಎದುರಿಂದ ಒಂದು ದೊಡ್ಡ ಕಾರು ಹಗಲು ಮಾಡಿಕೊಂಡು ಬಂತು. ಅದು ದಾಟಿದ ಮೇಲೆ ನನಗೆ ಕಪ್ಪು ಬಿಟ್ಟು ಬೇರೇನೂ ಇಲ್ಲ. ತಿರುವಿನ ಒಳಗೆ ಬೆಟ್ಟಕ್ಕೆ ನಡೆದು ಹೋಗೋ ಪರಸೆಯವರು ಸುಸ್ತಾಗಿ ಕೂತಿದ್ದರು. ಅವರು ಕಂಡಾಗ ನನಗೂ ಅವರಿಗೂ ಮಧ್ಯೆ ಎರಡು ಮಾರು ಇತ್ತೋ ಇಲ್ಲವೋ. ಒಬ್ಬ ಹೆಂಗಸಿನ ತೊಡೆ ಮೇಲೆ ಮಗು ಮಲಗಿತ್ತು. ಹಿಂದಿನ ಬ್ರೇಕ್ ಒತ್ತಿ ಹಿಡಿದೆ, ಚಕ್ರ ಕಚ್ಚಿಕೊಂಡಿತು, ಗಾಡಿ ಅಡ್ಡ ಬಿತ್ತು, ನಾನು ಒಂದು ಕಡೆ ಅದು ಒಂದು ಕಡೆ. ಅದು ಜಾರಿಕೊಂಡು ಹೋಗಿ ಆ ಹೆಂಗಸಿನ ಕಾಲಿಂದ ಒಂದು ಮೊಳ ದೂರದಲ್ಲಿ ನಿಂತಿತು.

ನನಗೆ ಮೊಣಕೈ ಕಿತ್ತುಹೋಗಿತ್ತು. ಅವರಲ್ಲಿ ಒಬ್ಬ ಅಜ್ಜ ಎದ್ದು ಬಂದು ಮೊದಲು ಬೈದ. "ಯಾಕ್ಲಾ ಮಗ, ಕಣ್ಣು ಕಾಣಾದಿಲ್ವಾ ನಿಂಗೆ?" ಆಮೇಲೆ ಬಾಟ್ಲಿಯಿಂದ ನೀರು ಕೊಟ್ಟ. ಗಾಡಿ ಎತ್ತಿ ನಿಲ್ಲಿಸೋಕೆ ಕೈ ಹಾಕಿದ. ಹೊರಡೋವಾಗ ಹೇಳಿದ: "ಲೈಟ್ ಸರಿ ಮಾಡಿಸ್ಕೊ ಕಣ್ ಮಗ. ಮಾದಪ್ಪ ಎಷ್ಟು ಸಲ ಅಂತ ಕಾಯ್ತನೆ?"

ಮಾರನೇ ವಾರವೇ ವೈರಿಂಗ್ ತೆಗೆಸಿದೆ. ಒರಿಜಿನಲ್ ಹೋಯ್ತು ಅಂತ ಅಳೋರು ಆ ಮಗುವಿನ ಅಮ್ಮನ ಎದುರು ಹೋಗಿ ಅಳಲಿ.

ಈಗ ಈ 'ಒರಿಜಿನಲ್' ಅನ್ನೋ ಮಂತ್ರವನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಜಾವಾ ಅನ್ನೋ ಹೆಸರೇ ಕಸಿ ಕಟ್ಟಿದ್ದು. ಚೆಕ್ ದೇಶದ ಯಾನೆಚೆಕ್ ಅನ್ನೋರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ಮಾಡೋ ಹಕ್ಕು ತಗೊಂಡು, ಅವರ ಹೆಸರಿನ ಮೊದಲೆರಡು ಅಕ್ಷರಕ್ಕೆ ಇದರ ಮೊದಲೆರಡು ಅಕ್ಷರ ಸೇರಿಸಿದರು. ಅದು ಮೈಸೂರಿಗೆ ಬಂದು 1961ರಿಂದ ಇಲ್ಲಿ ತಯಾರಾಯ್ತು. ಆಮೇಲೆ ಯೆಜ್ಡಿ ಅಂತ ಹೆಸರು ಬದಲಾಯ್ತು. ಬಾಗಿಲು ಹಾಕಿದ್ದು 1996ರಲ್ಲಿ. ಆ ಮೂವತ್ತೈದು ವರ್ಷ ಕಂಪನಿಯವರು ಕೈಕಟ್ಟಿ ಕೂತಿದ್ದರಾ? ಪೆಟ್ರೋಲಿಗೆ ಆಯಿಲ್ ಕಲಸೋ ರಗಳೆ ಬೇಡ ಅಂತ ಪಂಪ್ ಇಟ್ಟು 'ಆಯಿಲ್ ಕಿಂಗ್' ಮಾಡಿದ್ದು ಅವರೇ. ಕೊನೆ ಕೊನೆಯ ಗಾಡಿಗಳಿಗೆ ಹನ್ನೆರಡು ವೋಲ್ಟು, ಸಿಡಿಐ ಇಗ್ನಿಷನ್ ಕೊಟ್ಟಿದ್ದೂ ಅವರೇ. ನಾನು 1988ರ ಗಾಡಿಗೆ ಮಾಡಿಸಿದ್ದನ್ನ ಫ್ಯಾಕ್ಟರಿಯವರೇ ಆಮೇಲೆ ಮಾಡಿದರು. ಅವರು ಮಾಡಿದ್ದು ಒರಿಜಿನಲ್, ನಾನು ಮಾಡಿದ್ದು ಹಾಳಾ? ಜಾವಾ ಹುಟ್ಟಿದ ಚೆಕ್ ದೇಶದಲ್ಲೇ ಹಳೇ ಜಾವಾಗಳಿಗೆ ಅಂತ ಹನ್ನೆರಡು ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ತಯಾರು ಮಾಡಿ ಮಾರ್ತಾರೆ. ಹೆತ್ತವರಿಗೇ ಇಲ್ಲದ ಮಡಿ ನಮಗ್ಯಾಕೆ?

ಇನ್ನೊಂದು. ಗಾಡಿ ಒರಿಜಿನಲ್ ಇರಬೇಕು ಅಂತೀರಲ್ಲ, ರಸ್ತೆ ಒರಿಜಿನಲ್ ಇದೆಯಾ ಸ್ವಾಮಿ? ನಮ್ಮ ಚಿಕ್ಕಪ್ಪ ಗಾಡಿ ತಗೊಂಡ ಕಾಲ ವೀರಪ್ಪನ್ ಕಾಲ. ಸಂಜೆ ಆದ ಮೇಲೆ ಬೆಟ್ಟದ ದಾರೀಲಿ ನಮ್ಮಂಥವರು ಕಾಲಿಡ್ತಿರಲಿಲ್ಲ. ಕತ್ತಲಾಗೋ ಮೊದಲು ಹನೂರು ಸೇರಿಕೊಂಡರೆ ಸಾಕಪ್ಪ ಅನ್ನೋ ದಿನಗಳು. ಆರು ವೋಲ್ಟು ಆಗ ಸಾಕಾಗ್ತಿತ್ತು, ಯಾಕಂದ್ರೆ ರಾತ್ರಿ ಅನ್ನೋದೇ ಗಾಡಿಗೆ ಇರಲಿಲ್ಲ. ಈಗ ಅಮಾವಾಸ್ಯೆ ಬಂದರೆ, ಶನಿವಾರ ಭಾನುವಾರ ಬಂದರೆ ಕಾರುಗಳ ಸಾಲು. ಅವುಗಳ ಲೈಟು ಟಾರ್ಚ್ ತಗೊಂಡು ಕಣ್ಣೊಳಗೇ ಬಿಟ್ಟ ಹಾಗೆ. ಮಧುವನಹಳ್ಳಿ, ಕಾಮಗೆರೆ ದಾಟಿ ಹನೂರು ಕಡೆ ಹೋಗೋ ರಸ್ತೇಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಕೆಂಪು ದೀಪ ಇಲ್ಲದೆ ನಿಂತಿರತ್ತೆ. ಇಂಥ ರಸ್ತೆಗೆ 1988ರ ದೀಪ ಹಿಡ್ಕೊಂಡು ಹೋಗಿ ಅನ್ನೋರು ಮೊದಲು ನಮಗೆ 1988ರ ರಸ್ತೆ ವಾಪಸ್ ಕೊಡಿಸಲಿ.

ಪೆಟ್ರೋಲಾದ್ರೂ ಒರಿಜಿನಲ್ ಇದೆಯಾ? ಆಗಿನ ಪೆಟ್ರೋಲಿನಲ್ಲಿ ಸೀಸ ಇತ್ತು. 2000ದಲ್ಲಿ ಅದನ್ನ ದೇಶದಾದ್ಯಂತ ತೆಗೆದರು, ಒಳ್ಳೇದೇ ಆಯ್ತು. ಈಗ ಬಂಕಿನಲ್ಲಿ ಸಿಗೋದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ್ದು. ಎಥನಾಲ್ ಗಾಳಿಯ ತೇವ ಎಳ್ಕೊಳ್ಳತ್ತೆ, ಹಳೇ ರಬ್ಬರನ್ನ ಮೆತ್ತಗೆ ಮಾಡತ್ತೆ. ತಿಂಗಳಿಗೊಂದು ಸಲ ಗಾಡಿ ಹೊರಗೆ ತೆಗೆಯೋರ ಟ್ಯಾಂಕಿನಲ್ಲಿ ತುಕ್ಕು, ಕಾರ್ಬೊರೇಟರಿನಲ್ಲಿ ಕೊಳೆ. ಪೆಟ್ರೋಲ್ ಪೈಪು, ಕಾಕಿನ ವಾಷರ್ರು ಎಲ್ಲಾ ಎಥನಾಲ್ ತಡೆಯೋ ಹೊಸ ಮಾಲು ಹಾಕಿಸಲೇಬೇಕು. 'ಒರಿಜಿನಲ್ ಪೈಪ್ ಸಾರ್, ಫ್ಯಾಕ್ಟರಿದು' ಅಂತ ಹೆಮ್ಮೆ ಪಡ್ತಾ ಇರಿ, ಒಂದಿನ ಬಿಸಿ ಎಂಜಿನ್ ಮೇಲೆ ಅದು ಸೋರತ್ತೆ.

ಕಾನೂನು ನೋಡಿ, ಅದೂ ತಮಾಷೆಯಾಗಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅದು ಸರಿಯೇ, ಚಾಸಿ ಕತ್ತರಿಸೋರಿಗೆ ಒಂದು ಭಯ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂತು. ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಹಾಗೇ ಇರಬೇಕು, ಇಪ್ಪತ್ತು ಸಾವಿರ ಕಟ್ಟಿದರೆ 'ವಿಎ' ಅಂತ ಬರೋ ಬೇರೆ ನಂಬರ್ ಪ್ಲೇಟು. ಆದರೆ ಅಂಥ ಗಾಡೀನ ದಿನನಿತ್ಯ ಓಡಿಸೋ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥವಕ್ಕೆ ಮಾತ್ರ. ಕಾನೂನಿಗೂ ಗೊತ್ತಾಗಿದೆ ನೋಡಿ: ಹಾಗ್‌ಹಾಗೇ ಉಳಿಸಿದ ಗಾಡಿ ನೋಡೋದಕ್ಕೆ, ಓಡಿಸೋದಕ್ಕಲ್ಲ. ಒಂದು ನಂಬರ್ ಒಂದು ತಗೊಂಡು ಷೋಕೇಸಿನಲ್ಲಿ ಇಡಿ, ಯಾರು ಬೇಡ ಅಂದರು? ಆರಂಭದ ವರ್ಷಗಳ ಜಾವಾ, ಕೈ ಹಾಕದೆ ಉಳಿದದ್ದು ಎಲ್ಲಾದರೂ ಸಿಕ್ಕಿದರೆ ಅದನ್ನ ಹಾಗೇ ಕಾಪಾಡಿ, ನಾನೇ ಬಂದು ಕೈ ಮುಗೀತೀನಿ. ಆದರೆ ದಿನಾ ಓಡೋ ಗಾಡಿಗೆ ಮ್ಯೂಸಿಯಂ ರೂಲ್ಸ್ ಹೇಳಬೇಡಿ.

ಇಷ್ಟು ಓದಿ ಖುಷಿಪಡ್ತಾ ಇರೋ ಇನ್ನೊಂದು ಗುಂಪು ಇದೆ. ಅಣ್ಣಾ, ನಿಮ್ಮ ಸರದಿ ಈಗ.

ಯಳಂದೂರಿನ ಒಬ್ಬ ಹುಡುಗ, ಒಳ್ಳೆಯವನೇ, ನನ್ನ ಗಾಡಿ ನೋಡಿ ತಾನೂ ಒಂದು ರೋಡ್‌ಕಿಂಗ್ ತಗೊಂಡ. ಮೂರು ತಿಂಗಳು ಬಿಟ್ಟು ತೋರಿಸೋಕೆ ಬಂದ. ಮುಂದೆ ಬೇರೆ ಯಾವುದೋ ಬೈಕಿನ ಡಿಸ್ಕ್ ಬ್ರೇಕು, ಅದನ್ನ ಕೂರಿಸೋಕೆ ಹಳೇ ಫೋರ್ಕಿಗೆ ವೆಲ್ಡಿಂಗ್. ಅಲಾಯ್ ವೀಲು. ಹಿಂದಿನ ಮಡ್‌ಗಾರ್ಡ್ ಅರ್ಧಕ್ಕೆ ಕಟ್. ಚೈನ್ ಪೂರ್ತಿ ಮುಚ್ಚಿಕೊಂಡಿದ್ದ ಡಬ್ಬಿ ಬಿಚ್ಚಿ ಬಿಸಾಕಿದ್ದ, 'ಲುಕ್ ಬರಲ್ಲ' ಅಂತ. ಹ್ಯಾಂಡಲ್ ಮೇಲೆ ಮೊಬೈಲ್ ಚಾರ್ಜರು, ಬಂಪರ್ ತುಂಬ ಬಿಳೀ ಎಲ್‌ಇಡಿ ಪಟ್ಟಿ. "ಇನ್ನೊಂದು ಬಾಕಿ ಅದೆ ಅಣ್ಣ, ಸೆಲ್ಫ್ ಸ್ಟಾರ್ಟ್ ಮಾಡಿಸ್ಬೇಕು" ಅಂದ.

ನಾನು ಕೇಳಿದೆ, "ಸೆಲ್ಫು ಬೇಕು, ಡಿಸ್ಕು ಬೇಕು, ಚಾರ್ಜರ್ ಬೇಕು ಅಂದ್ರೆ ಹೊಸ ಜಾವಾನೇ ತಗೋಬಹುದಿತ್ತಲ್ಲಪ್ಪ?" 2018ರಲ್ಲಿ ಮತ್ತೆ ಬಂತಲ್ಲ, ಫೋರ್ ಸ್ಟ್ರೋಕು, ನೀರು ತಣಿಸೋ ಎಂಜಿನ್ನು, ಬಟನ್ ಒತ್ತಿದರೆ ಸ್ಟಾರ್ಟು, ಡಿಸ್ಕಿಗೆ ಎಬಿಎಸ್ಸು. 2022ರಲ್ಲಿ ಯೆಜ್ಡಿ ಹೆಸರಲ್ಲೂ ಬಂತು. ಸುಖ ಬೇಕಾದವರಿಗೆ ಅಂತಲೇ ಎಂಜಿನಿಯರುಗಳು ಕೂತು ಲೆಕ್ಕ ಹಾಕಿ ಮಾಡಿದ ಗಾಡಿ. ಅದರ ಸುಖವನ್ನ ಕತ್ತರಿಸಿ ತಂದು ಇದಕ್ಕೆ ಅಂಟಿಸಿದರೆ ಇದೂ ಉಳಿಯಲ್ಲ, ಅದೂ ಆಗಲ್ಲ.

ಈ ಗಾಡಿಯ ಗುಣ ಏನು ಅಂತ ಗೊತ್ತಿದ್ದರೆ ತಾನೇ ಯಾವುದನ್ನ ಮುಟ್ಟಬಾರದು ಅಂತ ಗೊತ್ತಾಗೋದು? ಕಿಕ್ಕರ್ರೇ ಗೇರು. ಒದ್ದು ಸ್ಟಾರ್ಟ್ ಮಾಡಿ, ಅದೇ ಲಿವರನ್ನ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್. ಗೇರಿನ ಮೇಲೆ ಕಾಲು ಒತ್ತಿದರೆ ಕ್ಲಚ್ ತಾನೇ ಬಿಡತ್ತೆ, ಕೈ ಆಡಿಸೋದೇ ಬೇಡ. ಕ್ಲಚ್ ವೈರ್ ತುಂಡಾದ ದಿನ ನಮ್ಮ ಚಿಕ್ಕಪ್ಪ ಹನೂರಿಂದ ಕೊಳ್ಳೇಗಾಲಕ್ಕೆ ಹಾಗೇ ಓಡಿಸಿಕೊಂಡು ಬಂದಿದ್ದರು. ಚೈನಿಗೆ ಡಬ್ಬಿ ಇದ್ದದ್ದು ಮಣ್ಣಿನ ರಸ್ತೆಗೆ ಅಂತ, ಸೀರೆ ಉಟ್ಟು ಹಿಂದೆ ಕೂರೋರಿಗೆ ಅಂತ. ಇವೆಲ್ಲಾ ಆ ಕಾಲದ ಅನುಕೂಲಗಳು. ನೀನು ಬಿಸಾಕಿದ್ದು ಅನುಕೂಲ, ಹಾಕಿಸಿಕೊಂಡದ್ದು ಅಲಂಕಾರ.

ಬ್ರೇಕಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲಿ ನನ್ನದೇ ಮಾತು ನನಗೇ ತಿರುಗತ್ತೆ. 'ಜೀವ ಉಳಿಸೋ ಬದಲಾವಣೆ ಸರಿ ಅಂದ್ರಲ್ಲಣ್ಣ, ಡಿಸ್ಕ್ ಜೀವ ಉಳಿಸಲ್ವಾ?' ಉಳಿಸತ್ತೆ, ಅದಕ್ಕೆ ಅಂತ ಮಾಡಿದ ಫೋರ್ಕಿನಲ್ಲಿದ್ದರೆ. ಡಿಸ್ಕ್ ಒಂದೇ ಪಕ್ಕದಿಂದ ಜೋರಾಗಿ ಹಿಡಿಯತ್ತೆ. ಆ ತಿರುಚಾಟ ತಡೆಯೋಕೆ ಮಾಡದೇ ಇರೋ ಹಳೇ ಫೋರ್ಕಿಗೆ ಬೀದಿ ಬದಿ ವೆಲ್ಡಿಂಗ್ ಹೊಡೆಸಿ, ಇಬ್ಬರು ಕೂತು ಬೆಟ್ಟ ಇಳಿಯೋವಾಗ ಆ ವೆಲ್ಡಿಂಗ್ ಬಿಟ್ಟರೆ ಮಾದಪ್ಪನೂ ಕಾಯೋದು ಕಷ್ಟ. ಅದಕ್ಕಿಂತ ಇದ್ದ ಡ್ರಮ್ಮನ್ನೇ ಲೇತಿನಲ್ಲಿ ಸಮ ಮಾಡಿಸು, ಒಳ್ಳೇ ಶೂ ಹಾಕಿಸು, ಹೊಸ ಕೇಬಲ್ ಹಾಕು. ಹಾಗೆ ಮಾಡಿಸಿದ ಡ್ರಮ್ ಬ್ರೇಕ್ ಎಷ್ಟು ಹಿಡಿಯತ್ತೆ ಅಂತ ನಿಮ್ಮಲ್ಲಿ ಮುಕ್ಕಾಲು ಜನಕ್ಕೆ ಗೊತ್ತೇ ಇಲ್ಲ, ಯಾಕಂದ್ರೆ ಸರಿ ಇರೋ ಡ್ರಮ್ಮನ್ನ ನೀವು ನೋಡೇ ಇಲ್ಲ. ಎಲ್‌ಇಡಿ ಪಟ್ಟಿಯೂ ಅಷ್ಟೇ. ಎದುರಿನವನನ್ನ ಕುರುಡು ಮಾಡೋ ಬೆಳಕು ಸುರಕ್ಷತೆ ಅಲ್ಲ. ನನ್ನನ್ನ ಆ ರಾತ್ರಿ ಬೀಳಿಸಿದ್ದು ಅರ್ಧ ನನ್ನ ಲೈಟು, ಇನ್ನರ್ಧ ಆ ಕಾರಿನ ಲೈಟು.

ಇಲ್ಲೇ ಇದೆ ನಿಜವಾದ ವಿಷಯ. ಹಳೇ ಗಾಡಿಗೆ ಸುಖ ಬೇಕು ಅಂತ ಕೇಳೋರ ಮಾತನ್ನ ಕಿವಿಗೊಟ್ಟು ಕೇಳಿ. ಅದರಲ್ಲಿ ಮುಕ್ಕಾಲು ಪಾಲು ರಿಪೇರಿ ಕಾಣದ ಗಾಡಿಯ ನರಳಾಟ. 'ಕೂತರೆ ಸೊಂಟ ಹೋಗತ್ತೆ, ಗ್ಯಾಸ್ ಶಾಕ್ ಹಾಕಿಸಬೇಕು' ಅಂತಾರೆ. ಫೋರ್ಕಿನ ಆಯಿಲ್ ಬದಲಾಯಿಸಿ ಹತ್ತು ವರ್ಷ ಆಗಿರತ್ತೆ. 'ಕೈ ಜೋಮು ಹಿಡಿಯತ್ತೆ, ಮೆತ್ತನೆ ಗ್ರಿಪ್ ಬೇಕು' ಅಂತಾರೆ. ಎಂಜಿನ್ ಹಿಡಿದಿರೋ ಬೋಲ್ಟು ಸಡಿಲ. 'ಕಿಕ್ ಹೊಡೆದು ಸಾಕಾಗಿದೆ, ಸೆಲ್ಫ್ ಬೇಕು' ಅಂತಾರೆ. ಟೈಮಿಂಗ್ ತಪ್ಪಿದೆ, ಕಾರ್ಬೊರೇಟರ್ ತೊಳೆದಿಲ್ಲ.

'ಹಾಗಾದರೆ ಮಂಡಿ ನೋವಿರೋ ವಯಸ್ಸಾದವರು ಏನು ಮಾಡಬೇಕು?' ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನಮ್ಮ ಚಿಕ್ಕಪ್ಪನಿಗೇ ಈಗ ಎಪ್ಪತ್ತರ ಹತ್ರ, ಎರಡೂ ಮಂಡಿ ನೋವು. ಗಾಡಿ ಮಾರಿಬಿಡೋಣ ಅಂತಲೇ ಇದ್ದರು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ದಿನ ನಮ್ಮ ಮೆಕ್ಯಾನಿಕ್ ಭಾಯ್ ಅವರನ್ನ ಕರೆದು, "ಬನ್ನಿ ಯಜಮಾನ್ರೇ, ಒಂದ್ಸಲ ಒದೀರಿ" ಅಂದರು. ಚಿಕ್ಕಪ್ಪ ಹಳೇ ಅಭ್ಯಾಸದ ಮೇಲೆ ಪಂಚೆ ಎತ್ತಿ ಕಟ್ಟಿ, ಹತ್ತು ಸಲ ಒದೆಯೋಕೆ ತಯಾರಾಗಿ ಕಾಲಿಟ್ಟರು. ಮೊದಲನೇದಕ್ಕೇ ಹಿಡೀತು. ಅವರು ಸುಮ್ಮನೆ ಎಂಜಿನ್ ನೋಡ್ತಾ ನಿಂತರು. ಆಮೇಲೆ, "ಇಷ್ಟು ವರ್ಷ ನಾನು ಒದ್ದದ್ದು ಪಾಯಿಂಟ್‌ಗೆ ಕಣಪ್ಪ, ಗಾಡಿಗಲ್ಲ" ಅಂದರು. ಮಂಡಿಗೆ ಬೇಕಾಗಿದ್ದದ್ದು ಮೋಟಾರಲ್ಲ, ಸರಿಯಾದ ಕಿಡಿ. ಅದೂ ಆಗದ ದಿನ ಬಂದರೆ ಮನೆಯ ಮುಂದಿನ ತಲೆಮಾರಿಗೆ ಕೀಲಿ ಕೊಡೋದು. ಗಾಡಿ ನಮ್ಮೊಬ್ಬರದೇ ಅಲ್ಲವಲ್ಲ.

ಹಾಗಾಗಿ ಎರಡೂ ಗುಂಪಿಗೆ ನಾನು ಹೇಳೋದು ಒಂದೇ. 'ಒರಿಜಿನಲ್ಲಾ ಅಲ್ವಾ?' ಅನ್ನೋದು ತಪ್ಪು ಪ್ರಶ್ನೆ. ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲನೇದು, ಗಾಡಿ ಇದ್ದ ಹಾಗೇ ಸರಿಯಾಗಿ ರಿಪೇರಿ ಮಾಡಿಸಿ ನೋಡಿದ್ದೀನಾ? ಎರಡನೇದು, ಈ ಬದಲಾವಣೆ ನನ್ನ ಜೀವ, ಎದುರಿನವರ ಜೀವ ಕಾಯೋಕೋ ಅಥವಾ ನನ್ನ ಸೋಮಾರಿತನಕ್ಕೋ? ಮೂರನೇದು, ನಾಳೆ ಯಾರಾದರೂ ಬೇಕು ಅಂದರೆ ನಟ್ಟು ಬೋಲ್ಟು ಬಿಚ್ಚಿ ಮೊದಲಿದ್ದ ಹಾಗೆ ಮಾಡಬಹುದಾ? ಮೂರಕ್ಕೂ ಉತ್ತರ ಸರಿ ಇದ್ದರೆ ಮಾಡಿಸಿ, ಯಾರ ಅಪ್ಪಣೆಯೂ ಬೇಡ. ಹ್ಯಾಕ್ಸಾ ಬ್ಲೇಡು, ವೆಲ್ಡಿಂಗ್ ರಾಡು ಕೈಗೆ ಬಂತು ಅಂದರೆ ಅಲ್ಲಿಗೆ ನಿಲ್ಲಿಸಿ. ಬಿಚ್ಚಿದ್ದನ್ನ ಮತ್ತೆ ಹಾಕಬಹುದು, ಕತ್ತರಿಸಿದ್ದನ್ನ ಹಾಕೋಕಾಗಲ್ಲ. ಮೈಸೂರಿನ ಆ ಫ್ಯಾಕ್ಟರಿ ಇನ್ನೊಂದು ಫ್ರೇಮ್ ಮಾಡಿಕೊಡಲ್ಲ.

ಆ ಬೆಂಗಳೂರಿನ ಅತಿಥಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನನ್ನ ಗಾಡಿಯಿಂದ ತೆಗೆದ ಡೈನಮೋ, ಪಾಯಿಂಟು, ಆರು ವೋಲ್ಟಿನ ಹಾರನ್ನು, ಹಳೇ ವೈರಿಂಗು, ಎಲ್ಲವೂ ನಮ್ಮ ಮನೆ ಅಟ್ಟದ ಮೇಲೆ ಟ್ರಂಕಿನಲ್ಲಿ ಇದೆ. ಗ್ರೀಸ್ ಹಚ್ಚಿ, ಹಳೇ ಪಂಚೆ ಹರಿದು ಸುತ್ತಿ, ಯಾವುದು ಎಲ್ಲಿಗೆ ಅಂತ ಚೀಟಿ ಕಟ್ಟಿದ್ದು ನಮ್ಮ ಚಿಕ್ಕಪ್ಪ. ಒಂದು ದಿನದ ಕೆಲಸ, ಗಾಡಿ 1988ಕ್ಕೆ ವಾಪಸ್ ಹೋಗತ್ತೆ. ರಸ್ತೆಯೂ ವಾಪಸ್ ಹೋದ ದಿನ ಹೇಳಿ ಕಳಿಸಿ, ಹಾಕಿಸ್ತೀನಿ.

ಅಲ್ಲೀವರೆಗೆ ಬೆಟ್ಟದ ತಿರುವಲ್ಲಿ ಕೂತಿರೋ ಪರಸೆಯವರು ನನಗೆ ಕಾಣ್ತಾ ಇರಬೇಕು. ನಿಮ್ಮ ಮೆಚ್ಚುಗೆಗಿಂತ ಅದು ಮುಖ್ಯ.